ಹಿಂದಿನ ಸೀಟು ಮತ್ತು ಕೆಂಪು ದೀಪ

ಖಾಜಾ ಮಿಸ್ತ್ರಿ ಚಪ್ಪಲಿ ಬಿಟ್ಟೇ ಕಾರು ಹತ್ತುತ್ತಿದ್ದ. ಮಸಿ ಮೆತ್ತಿದ ಅವನ ಕಾಲು ಚಪ್ಪಲಿಗಿಂತ ಕೊಳಕಾಗಿರುತ್ತಿತ್ತು, ಅದು ಬೇರೆ ಮಾತು. ಒಳಗೆ ಕುಳಿತು, ಕಣ್ಣು ಮುಚ್ಚಿ, "ಹೊಡೀರಿ ಸಾವ್ಕಾರ್ರ" ಅನ್ನುತ್ತಿದ್ದ. ಅಫಜಲಪುರದ ಉಳಿದ ಮಿಸ್ತ್ರಿಗಳು ಬಾನೆಟ್ ಎತ್ತಿ ಅರ್ಧ ಎಂಜಿನ್ ನೆಲಕ್ಕೆ ಹರವುವ ಹೊತ್ತಿಗೆ ಇವನದು ಇನ್ನೂ ಪ್ರಶ್ನೆಯೇ ಮುಗಿದಿರುತ್ತಿರಲಿಲ್ಲ. ಯಾವಾಗ ಕೆಟ್ಟಿತು? ಯಾವ ದಾರಿ? ಒಳಗೆ ಯಾರ್ಯಾರಿದ್ದರು? ನಾನು ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿರುವವನು. "ಏ ಖಾಜಾ, ರಿಪೇರಿ ಮಾಡ್ತಿಯೋ ಪಂಚನಾಮೆ ಬರೀತಿಯೋ?" ಎಂದು ರೇಗುತ್ತಿದ್ದೆ.

"ರೋಗಿ ಇಲ್ದ ನಾಡಿ ಹೆಂಗ ಹಿಡೀಲ್ರಿ?" ಎಂದು ನಗುತ್ತಿದ್ದ.

ಎಂಬತ್ತರ ದಶಕದ ಮಾತು. ನನ್ನದು ಗೊಬ್ಬರದ ಅಂಗಡಿ. ಅವ್ವನಿಗೆ ಎದೆನೋವು. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ತಿಂಗಳಿಗೊಮ್ಮೆ ಕಲಬುರ್ಗಿ ದವಾಖಾನೆಗೆ ಕರೆದೊಯ್ಯಲು ಹಳೆಯದೊಂದು ಕಾರು ಕೊಂಡಿದ್ದೆ. ಅದರಲ್ಲಿ ಪೆಟ್ರೋಲ್ ಮುಗಿಯುತ್ತ ಬಂದಾಗ ಹತ್ತುವ ಕೆಂಪು ದೀಪವೊಂದಿತ್ತು. ಟ್ಯಾಂಕು ತುಂಬಿದ್ದರೂ ಅದು ಒಮ್ಮೊಮ್ಮೆ ಹತ್ತುತ್ತಿತ್ತು, ಆರುತ್ತಿತ್ತು. ನಾನೊಬ್ಬನೇ ಹೋದರೆ ಹತ್ತುತ್ತಿರಲಿಲ್ಲ. "ಅವ್ವಾ, ನೀ ಕುಂತಾಗನ ಹತ್ತತದ ನೋಡು ಇದು" ಎಂದು ಒಂದು ದಿನ ಚೇಷ್ಟೆ ಮಾಡಿದೆ. ನನ್ನ ನಾಲಿಗೆಗೆ ಹುಳ ಬೀಳಲಿ!

ಅಪ್ಪ ತೀರಿ ಆಗಿನ್ನೂ ವರ್ಷವಷ್ಟೇ ಆಗಿತ್ತು. ಶುಭಕಾರ್ಯಕ್ಕೆ ಹೊರಟವರು ಅವ್ವ ಎದುರು ಬಂದರೆ ಮುಖ ತಿರುಗಿಸುವುದನ್ನು ನಾನೂ ಕಂಡಿದ್ದೆ. ಮುಂದಿನ ತಿಂಗಳು ಅವಳು ಹೊಸ್ತಿಲೇ ದಾಟಲಿಲ್ಲ. "ನನ್ನ ಕಾಲ್ಗುಣ ಛಲೋ ಇಲ್ಲ ತಮ್ಮಾ. ನಿನ್ನ ಜೀವಕ್ಕ ಏನರ ಆದ್ರ? ನಾ ಬರಂಗಿಲ್ಲ" ಎಂದು ಕುಳಿತುಬಿಟ್ಟಳು. ಗುಳಿಗೆ ವಾರಕ್ಕಾಗುವಷ್ಟು ಮಾತ್ರ ಉಳಿದಿತ್ತು. ಕೈಮುಗಿದೆ, ಬೈದೆ, ಅತ್ತೆ. ಜಗ್ಗಲಿಲ್ಲ.

ಖಾಜಾನನ್ನು ಕರೆತಂದೆ. ಗೊಬ್ಬೂರಿನ ತನಕ ಕಾರು ಓಡಿಸಿ ಬಂದರೂ ದೀಪ ಹತ್ತಲಿಲ್ಲ. ಅವನ ಮಾಮೂಲು ಪ್ರಶ್ನೆ ಬಂತು: ಒಳಗೆ ಯಾರಿದ್ದರು? ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವನು ನೇರ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ.

"ಅವ್ವಾರ, ಎಲ್ಲಿಗೂ ಹೋಗೂದು ಬ್ಯಾಡ್ರಿ. ನಿಂತ ಗಾಡ್ಯಾಗ ಒಂದ ಸಲ ಕೂಡ್ರಿ, ಸಾಕು."

ಏನನ್ನಿಸಿತೋ, ಅವ್ವ ಎದ್ದು ಹೋಗಿ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕುಳಿತಳು. ಖಾಜಾ ಚಾವಿ ತಿರುವಿದ. ದೀಪ ಹತ್ತಿತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಅವಳನ್ನು ಇಳಿಸಿ ಅದೇ ಜಾಗದಲ್ಲಿ ತಾನು ಕುಳಿತ. ಹತ್ತಲಿಲ್ಲ! ಬಡಕಲು ಆಸಾಮಿ, ಐದು ಪಡಿ ಜೋಳದಷ್ಟೂ ತೂಕವಿರಲಿಲ್ಲ. ಅವ್ವನ ಮುಖ ಬಿಳುಚಿಕೊಂಡಿತು. ಖಾಜಾ ಮೇಲೆದ್ದು ಧೊಪ್ಪನೆ ಕುಕ್ಕರಿಸಿದ. ದೀಪ ಮಿಣುಕಿತು.

"ನೋಡ್ರಿ ಅವ್ವಾರ, ನನಗೂ ಹತ್ತಾಕತ್ತದ! ನನ್ನ ಹೇಣ್ತಿ ಮನ್ಯಾಗ ಗಟ್ಟಿಮುಟ್ಟಿ ಅದಾಳ್ರಿ. ನಾನೂ ಅಪಶಕುನ ಏನ್ರಿ?"

ಸೀಟು ಕಿತ್ತು ತೋರಿಸಿದ. ಹಿಂದಿನ ಟ್ಯಾಂಕಿನಿಂದ ಮುಂದಿನ ದೀಪಕ್ಕೆ ಹೋಗುವ ತಂತಿ ಅಡಿಯಲ್ಲಿ ಸವೆದು ಬತ್ತಲಾಗಿತ್ತು. ಮೇಲೆ ಭಾರ ಬಿದ್ದಾಗ ಸ್ಪ್ರಿಂಗು ಒತ್ತಿ ಅದು ತಗಡಿಗೆ ತಾಕಿ ದೀಪ ಹತ್ತುತ್ತಿತ್ತು. ಅವ್ವ ಬಗ್ಗಿ ಆ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹಾಟ್ಯಾಕ, ಇಷ್ಟ ಏನೋ ಇದು!" ಎಂದು ತಂತಿಯನ್ನೇ ಬೈದು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡಿದ್ದು ಅಂದೇ. ಮರುದಿನ ಕಲಬುರ್ಗಿಗೆ ಹೋದೆವು.

ತೊಂಬತ್ತನೇ ಇಸವಿ ದಾಟಿದ ಮೇಲೆ ಖಾಜಾ ಕೆಲಸ ಬಿಟ್ಟು ತನ್ನೂರು ಮಣ್ಣೂರಿಗೆ ಹೋದ. ಹೋಗಿ ಮಾತಾಡಿಸಬೇಕು ಅಂದುಕೊಳ್ಳುತ್ತಲೇ ಕಾಲ ಕಳೆದೆ. ತೀರಿಕೊಂಡನೆಂಬ ಸುದ್ದಿ ಬಂದಾಗ ಅವ್ವನೇ ಮೊದಲು ಹೋಗಿ ಕಾರಿನಲ್ಲಿ ಕುಳಿತಳು.

ಕರಜಗಿ ದಾಟುತ್ತಲೇ ಕೆಂಪು ದೀಪ ಹತ್ತಿತು. ಕನ್ನಡಿಯಲ್ಲಿ ಅವ್ವನನ್ನು ನೋಡಿದೆ.

"ನನ್ನ ಮಾರಿ ಏನ್ ನೋಡ್ತಿ? ಸರದು ಕುಂತೂ ನೋಡೇನಿ, ಎದ್ದು ಕುಂತೂ ನೋಡೇನಿ, ಆರವಲ್ದು. ಎಣ್ಣಿ ಮುಗದಿರಬೇಕು ನೋಡು."

ನಿಜ. ಅವಸರದಲ್ಲಿ ಪೆಟ್ರೋಲ್ ಹಾಕಿಸುವುದನ್ನೇ ಮರೆತಿದ್ದೆ. ಗಾಡಿ ಬದಿಗೆ ನಿಲ್ಲಿಸಿದೆ. ಅವ್ವ ಸೆರಗು ಬಾಯಿಗೆ ಹಿಡಿದು ಬಿಕ್ಕಿದಳು.

"ಇದನ್ನ ಖಾಜಾಗ ಹೇಳಬೇಕಿತ್ತಲ್ಲೋ ತಮ್ಮಾ."