ಪಥ್ಯ ಇಲ್ಲದ ಗುಳಿಗೆ

ನಮ್ಮ ಕಡೆ ವೈದ್ಯರು "ಇನ್ನು ಪಥ್ಯ ಬೇಡ, ಕೇಳಿದ್ದು ಕೊಡಿ" ಎಂದರೆ ಮನೆಯವರು ಮರುಮಾತಾಡದೆ ಎದ್ದು ಹೋಗಿ ನೆಂಟರಿಗೆ ಹೇಳಿ ಕಳಿಸುತ್ತಿದ್ದರು. ನನ್ನ ಕೈಲಿ ಇನ್ನೇನೂ ಇಲ್ಲ ಎಂದು ಬಾಯಿಬಿಟ್ಟು ಹೇಳಲಾರದೆ ಅವರು ಹೇಳುತ್ತಿದ್ದ ಮಾತದು. ಉಪ್ಪು ಬಿಡು, ಹುಳಿ ಬಿಡು ಎಂದು ಗದರಿಸುವವರೆಗೂ ಆಸೆ ಇದೆ ಎಂದು ಅರ್ಥ. ಇದು ಶಿಕಾರಿಪುರದಲ್ಲೂ ಸೊರಬದಲ್ಲೂ ಎಲ್ಲರಿಗೂ ಗೊತ್ತಿತ್ತು. ಮೈಸೂರು ಕಡೆಯಿಂದ ಬಂದಿದ್ದ ಡಾಕ್ಟರಿಗೆ ಮಾತ್ರ ಗೊತ್ತಿರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗಾಗ ಇಪ್ಪತ್ತಮೂರು. ಸೊರಬದ ತವರಿನಿಂದ ಶಿಕಾರಿಪುರದ ಬಟ್ಟೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದು ಐದು ವರ್ಷ, ಮಗಳಿಗೆ ಎರಡು. ದೀಪಾವಳಿಗೆ ಶುರುವಾದ ಕೆಮ್ಮು ಸಂಕ್ರಾಂತಿ ಕಳೆದರೂ ಬಿಡಲಿಲ್ಲ. ತೊಗರ್ಸಿಯ ನಾಟಿ ವೈದ್ಯರ ಕಷಾಯ ಕುಡಿದು, ಉಪ್ಪಿಲ್ಲದ ಗಂಜಿ ಉಂಡು ಉಂಡು ನಾನು ಕಡ್ಡಿಯಾದೆ. ಕಫದಲ್ಲಿ ರಕ್ತ ಕಂಡ ದಿನ ನಮ್ಮ ಯಜಮಾನರು ಯಾರ ಮಾತನ್ನೂ ಕೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಶಿವಮೊಗ್ಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದೆವು. ಕ್ಷಯ ಎಂದಾಯಿತು.

"ಹೆದರ್ಕೋಬೇಡಿ ಕಣಮ್ಮ," ಎಂದರು ಡಾಕ್ಟರು. "ಈಗ ಇದಕ್ಕೆ ಹೊಸ ಔಷಧ ಬಂದಿದೆ. ಸೂಜಿ ಇದೆ, ಗುಳಿಗೆ ಇದೆ. ಮೊದಲಿನ ಹಾಗೆ ಊರು ಬಿಟ್ಟು ಎಲ್ಲೋ ಹೋಗಿ ಮಲಗಬೇಕಾಗಿಲ್ಲ. ಒಂದೂವರೆ ವರ್ಷ ತಗೋಬೇಕು, ಒಂದು ದಿನಾನೂ ತಪ್ಪಿಸಬಾರದು."

ಜೊತೆಗೆ ಬಂದಿದ್ದ ನಮ್ಮತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಪಥ್ಯ ಏನ್ರೀ ಡಾಕ್ಟ್ರೇ?" ಎಂದು ಕೇಳಿದರು.

"ಪಥ್ಯ ಏನೂ ಬೇಡ. ಹಾಲು, ಮೊಸರು, ತುಪ್ಪ, ಏನು ಕೇಳ್ತಾರೋ ಕೊಡಿ. ಮನಸ್ಸಿಗೆ ಬೇಜಾರಾಗೋ ಹಾಗೆ ಯಾರೂ ಮಾತಾಡಬೇಡಿ. ನಗ್ತಾ ಇರಲಿ. ಅರ್ಧ ಮದ್ದು ಗುಳಿಗೆ, ಇನ್ನರ್ಧ ಧೈರ್ಯ."

ಅತ್ತೆ ಎದ್ದು ಹೊರಗೆ ನಡೆದರು. "ಬದುಕ್ತಾಳೇನ್ರೀ?" ಎಂದು ಕೇಳಿಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಬಗೆಹರಿಯುತ್ತಿತ್ತು. ಆದರೆ ಅಂಥ ಅಪಶಕುನದ ಮಾತನ್ನು ರೋಗಿಯ ಎದುರು ಯಾರು ಕೇಳುತ್ತಾರೆ? ನಾನೋ, ಉಪ್ಪಿನಕಾಯಿ ತಿನ್ನಬಹುದು ಎಂಬ ಖುಷಿಯಲ್ಲಿ ಬೇರೇನನ್ನೂ ಯೋಚಿಸಲಿಲ್ಲ. ಊರಿಗೆಲ್ಲ ಗೊತ್ತಿದ್ದ ಅರ್ಥ ನನಗೂ ಗೊತ್ತಿತ್ತು, ಆದರೆ ಅದು ನನ್ನ ವಿಷಯ ಎಂದು ಹೊಳೆಯಲೇ ಇಲ್ಲ.

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲಿ. ಅತ್ತೆಯೂ ಏನು ಕಮ್ಮಿ ಇರಲಿಲ್ಲ. ದಿನಕ್ಕೊಂದು ಜಗಳವಾಗದಿದ್ದರೆ ನಮ್ಮಿಬ್ಬರಿಗೂ ಉಂಡ ಅನ್ನ ಅರಗುತ್ತಿರಲಿಲ್ಲ. ಅಂಥವರು ಮಾರನೆಯ ದಿನ ಬೆಳಿಗ್ಗೆ ನನ್ನ ಹಾಸಿಗೆಯ ಹತ್ತಿರ ಬಂದು, "ನಿಂಗೇನು ಮಾಡ್ಕೊಡ್ಲವ್ವಾ? ಹೋಳಿಗಿ ತಟ್ಟಲೇನು?" ಎಂದರು. ಯುಗಾದಿಯಲ್ಲ, ಹುಣ್ಣಿಮೆಯಲ್ಲ, ಬರೀ ಬುಧವಾರ! ನಾನು ಬೇಕೆಂದೇ, "ತುಪ್ಪ ಜಾಸ್ತಿ ಹಾಕ್ರಿ" ಎಂದೆ. ಹಾಕಿದರು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ತಟ್ಟೆ ತಳ್ಳಿದೆ. "ಹೌದವ್ವಾ, ನಂದೇ ತಪ್ಪು" ಎಂದು ಕಣ್ಣೊರೆಸಿಕೊಂಡು ಹೋದರು. ಇವರಿಗೇನು ಭ್ರಾಂತು ಬಂತು ಎಂದು ನನಗೆ ದಿಕ್ಕೇ ತೋಚಲಿಲ್ಲ.

ವಾರದೊಳಗೆ ಸೊರಬದಿಂದ ಅವ್ವ ಬಂದಳು. ಜೊತೆಗೆ ನನ್ನ ತಂಗಿ, ಹದಿನೆಂಟರವಳು. ಮಗುವನ್ನು ನನ್ನ ಕೆಮ್ಮಿನಿಂದ ದೂರ ಇಡಬೇಕು ಎಂದು ಡಾಕ್ಟರು ಹೇಳಿದ್ದರು, ಅದಕ್ಕೆ ಬಂದಳು ಎಂದುಕೊಂಡೆ. ಆಗಷ್ಟೇ ಉಳವಿಯ ಒಬ್ಬ ಮೇಷ್ಟರು ಅವಳನ್ನು ನೋಡಿಕೊಂಡು ಹೋಗಿ ಒಪ್ಪಿಗೆ ಹೇಳಿ ಕಳಿಸಿದ್ದರು. "ಹೆಂಗಿದ್ದಾರೇ?" ಎಂದು ಕೇಳಿದರೆ, "ಹೋಗೇ ಅಕ್ಕಾ, ನಾ ಸರಿಯಾಗಿ ನೋಡೇ ಇಲ್ಲ" ಎಂದಳು. ಆಮೇಲೆ ಅವರ ಅಂಗಿಯ ಬಣ್ಣ, ನಕ್ಕಾಗ ಬೀಳುವ ಕೆನ್ನೆಯ ಗುಳಿ, ಎಲ್ಲ ಹೇಳಿದಳು.

ದಿನಾ ಗುಳಿಗೆ ಕೊಡುವ ಕೆಲಸ ತಂಗಿಯದಾಯಿತು. ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು. ಆದರೂ ಎರಡು ತಿಂಗಳಿಗೆ ಜ್ವರ ಬಿಟ್ಟಿತು. ಎಂಥಾ ಹಸಿವು ಅಂತೀರಿ! ರೊಟ್ಟಿಯ ಮೇಲೆ ರೊಟ್ಟಿ. ಮನಸ್ಸಿಗೂ ಕಾರಣವಿಲ್ಲದೆ ಗೆಲುವು, ಹಾಸಿಗೆಯಲ್ಲೇ ಕೂತು ಹಾಡು ಹೇಳುತ್ತಿದ್ದೆ. ನೋಡಲು ಬಂದವರು ಮೋಸಂಬಿ ಇಟ್ಟು, "ಧೈರ್ಯವಾಗಿರು" ಎಂದು ಹೇಳಿ, ಹೊಸ್ತಿಲು ದಾಟುವಾಗ ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಗುತ್ತಾ ಇರುವವಳನ್ನು ನೋಡಿ ಅಳುವುದೇಕೆ ಎಂದು ನನಗೆ ಗೊಂದಲ.

ಒಂದು ಮಧ್ಯಾಹ್ನ ನೀರಿಗೆಂದು ಎದ್ದವಳಿಗೆ ಅಡಿಗೆಮನೆಯಿಂದ ಅತ್ತೆಯ ದನಿ ಕೇಳಿತು. "ಹೆಂಗ ಉಣ್ತಾಳ, ಹೆಂಗ ಹಾಡ್ತಾಳ ನೋಡ್ರಿ ಬೀಗತೀ. ಆರೋ ದೀಪ ಜೋರಾಗಿ ಉರೀತೈತಿ."

ನಮ್ಮವ್ವ ಮೂಗು ಸೀಟಿ, "ಪಥ್ಯ ಬಿಡಿಸಿದ ದಿನಾನೇ ನಂಗೆ ಗೊತ್ತಾತು. ಮಗೀಗೆ ಬೇರೆ ಯಾರೋ ಮಲತಾಯಿ ಬರೋದ್ಕಿಂತ ಸಣ್ಣವಳೇ ಆಗ್ಲಿ" ಎಂದಳು.

ಹೋಳಿಗೆ, ಮೋಸಂಬಿ, ತಂಗಿ, ಎಲ್ಲದರ ಅರ್ಥ ಒಟ್ಟಿಗೇ ಆಯಿತು. ಅಂದಿನಿಂದ ನನ್ನ ತಲೆ ಕಲಸಿದ ಹಿಟ್ಟಾಯಿತು. ಮೈ ಹಗುರವಾಗಿತ್ತು, ಉಸಿರು ಸಲೀಸಾಗಿತ್ತು. ಇದು ಬದುಕುವ ಲಕ್ಷಣವೋ, ಹೋಗುವ ಲಕ್ಷಣವೋ? ಹಸಿವಾದರೆ ಭಯ, ಹಸಿವಾಗದಿದ್ದರೂ ಭಯ. ಸೂಜಿ ಹಾಕಿಸಿಕೊಳ್ಳಲು ಹೋದಾಗ ಡಾಕ್ಟರು, "ಭೇಷ್! ಹೀಗೇ ನಗ್ತಾ ಇರಿ" ಎಂದರೆ ಅವರೂ ನನ್ನಿಂದ ಮುಚ್ಚಿಡುತ್ತಿದ್ದಾರೆ ಎನ್ನಿಸುತ್ತಿತ್ತು. ಬಾಯಿ ತೆರೆದು ಕೇಳಲು ಧೈರ್ಯ ಬರಲಿಲ್ಲ. ಜಗಳಕ್ಕೆ ಮಾತ್ರ ಇದ್ದ ಧೈರ್ಯ ನನ್ನದು.

ನನ್ನ ಮನೆಯ ವಿಷಯವನ್ನು ಇವರು ಅಡಿಗೆಮನೆಯಲ್ಲಿ ತೀರ್ಮಾನ ಮಾಡುವುದೇನು ಎಂದು ರೋಷವೂ ಬಂತು. ಹೋಗುವುದೇ ಆದರೆ ನಾನೇ ಹೇಳಿ ಹೋಗುತ್ತೇನೆ ಎಂದುಕೊಂಡೆ. ಮಗುವನ್ನೆತ್ತಿಕೊಂಡಿದ್ದ ತಂಗಿಯನ್ನು ಬಾಗಿಲ ಹತ್ತಿರ ಕರೆದು, "ಮಗೂ ತಲೆ ಮೇಲೆ ಕೈ ಇಟ್ಟು ಭಾಷೆ ಕೊಡು. ನಾ ಹೋದ್ಮೇಲೆ ನೀನೇ ಇದರ ತಾಯಿ, ನೀನೇ ಈ ಮನೆ ಸೊಸೆ" ಎಂದೆ. ಅಲ್ಲೇ ನಿಂತಿದ್ದ ಯಜಮಾನರು, "ಏ, ಸುಮ್ನಿರು" ಎಂದು ಅಂಗಡಿಗೆ ಹೊರಟುಹೋದರು. ತಂಗಿ ಮಗುವಿನ ತಲೆಯ ಮೇಲೆ ಕೈ ಇಟ್ಟಳು. ಅವ್ವ ಉಳವಿಯ ಮೇಷ್ಟರ ಸಂಬಂಧ ಬೇಡವೆಂದು ಹೇಳಿ ಕಳಿಸಿದಳು.

ಭಾಷೆ ತೆಗೆದುಕೊಂಡ ನಾನೇ ಅವಳನ್ನು ಅನುಮಾನಿಸಿದೆ. ಒಂದು ಬೆಳಿಗ್ಗೆ ಮಗುವಿಗೆ ನೀರು ಹಾಕುತ್ತ ಅವಳು ಗುಳಿಗೆ ತರುವುದು ತಡವಾಯಿತು. "ಯಾಕೇ, ನಾ ಬೇಗ ಹೋಗ್ಲಿ ಅಂತಾನಾ?" ಎಂದುಬಿಟ್ಟೆ. ಥೂ, ಈ ನಾಲಿಗೆಗೆ ಬೆಂಕಿ ಬೀಳ! ಅವಳು ಗುಳಿಗೆಯನ್ನು ನನ್ನ ಅಂಗೈ ಮೇಲೆ ಇಟ್ಟು, ನಾನು ನುಂಗುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಒಂದು ದಿನವೂ ತಡವಾಗಲಿಲ್ಲ. ನನಗೆ ಬೇಸರ ಬಂದು ಬೇಡವೆಂದ ದಿನಗಳಲ್ಲಿ ಗಲ್ಲ ಹಿಡಿದು ನುಂಗಿಸಿದಳು.

ಆರು ತಿಂಗಳಾಯಿತು, ವರ್ಷವಾಯಿತು, ದೀಪ ಆರಲಿಲ್ಲ. ಒಂದೂವರೆ ವರ್ಷಕ್ಕೆ ಮತ್ತೆ ಎಕ್ಸ್‌ರೇ ಆಯಿತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಗಾಯ ಒಣಗಿದೆ. ಇನ್ನು ಗುಳಿಗೆ ಸಾಕು" ಎಂದರು.

ಅತ್ತೆಗೆ ತಡೆಯಲಾಗಲಿಲ್ಲ. "ಬದುಕೋಳಿಗೆ ಪಥ್ಯ ಬ್ಯಾಡ ಅಂತ ಯಾಕಂದ್ರೀ?"

ಡಾಕ್ಟರು ಕಕ್ಕಾಬಿಕ್ಕಿಯಾಗಿ, "ಬೇಡ ಅಂದ್ರೆ ಬೇಡ ಅಂತಲೇ ಅಮ್ಮ. ಈ ಔಷಧಕ್ಕೆ ಪಥ್ಯ ಇಲ್ಲ" ಎಂದರು. ಅತ್ತೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ಅತ್ತು, ನಕ್ಕು, ಡಾಕ್ಟರ ಕೈ ಹಿಡಿದುಕೊಂಡರು. ನಾನೂ ಬಿದ್ದು ಬಿದ್ದು ನಕ್ಕೆ. ಮನೆಗೆ ಬಂದು ಸುದ್ದಿ ಹೇಳಿದಾಗ ತಂಗಿ ನನ್ನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಅಷ್ಟರಲ್ಲಿ ಉಳವಿಯ ಮೇಷ್ಟರಿಗೆ ಬೇರೆ ಕಡೆ ಮದುವೆಯಾಗಿ ಮಗುವೂ ಆಗಿತ್ತು. ಆ ದಿನ ಅದು ಯಾರ ನೆನಪಿಗೂ ಬರಲಿಲ್ಲ, ನನಗಂತೂ ಬರಲೇ ಇಲ್ಲ.

ನಾಲ್ಕು ದಿನ ಬಿಟ್ಟು ತಂಗಿಯನ್ನು ಸೊರಬದ ಬಸ್ಸು ಹತ್ತಿಸಲು ನಾನೇ ಹೋದೆ. ಒಂದೂವರೆ ವರ್ಷದಲ್ಲಿ ಅಷ್ಟು ದೂರ ನಡೆದಿದ್ದು ಅದೇ ಮೊದಲು. ಹಿಗ್ಗೋ ಹಿಗ್ಗು, ದಾರಿಯುದ್ದಕ್ಕೂ ನಾನೇ ಮಾತಾಡಿದೆ. "ನಿಂಗೆ ಆ ಮೇಷ್ಟರನ್ನೂ ಮೀರಿಸೋ ಗಂಡು ಹುಡುಕಿಸ್ತೀನಿ ನೋಡು" ಎಂದೂ ಹೇಳಿದೆ. ಅವಳು ಬಟ್ಟೆಯ ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ತಿರುಗಿ ನನ್ನ ಕೈ ಹಿಡಿದಳು.

"ಅಕ್ಕಾ, ನೀ ಬದುಕ್ಲಿ ಅಂತ ನಾನು ದೇವರಿಗೆ ಬೇಡ್ಕೊಳ್ದೇ ಇರೋ ದಿನ ಇಲ್ಲ. ಸುಳ್ಳಲ್ಲ, ನಿನ್ನಾಣೆ."

"ಗೊತ್ತು ಕಣೇ."

"ಆದ್ರೆ ಭಾಷೆ ಕೊಟ್ಟ ದಿನದಿಂದ ನಾ ಅವರನ್ನ ಭಾವಾ ಅಂತ ಕರೆದಿಲ್ಲ. ಮನಸ್ಸಲ್ಲೂ ಅಂದ್ಕೊಂಡಿಲ್ಲ. ಇನ್ನ್ ಮೇಲೆ ಮತ್ತೆ ಭಾವಾ ಅಂತ ಹೆಂಗೆ ಕರೀಲಿ, ಹೇಳು."

ಕಂಡಕ್ಟರು ಸೀಟಿ ಊದಿದ. "ಕಿಟಕಿ ಹತ್ರ ಕೂತ್ಕೋ, ವಾಂತಿ ಬರಲ್ಲ" ಎಂದೆ. ಅವಳು ಹೋಗಿ ಕಿಟಕಿಯ ಹತ್ತಿರ ಕೂತಳು, ನನ್ನ ಕಡೆ ನೋಡಲಿಲ್ಲ.