ಬೆರೆಸಿ ಕೂರಿಸುವ ಮೇಡಂ

ನಾನೂ ನಮ್ಮ ಅಜ್ಜಿಯೂ ಋಣಿಗಳಾಗಿರುವ ಈ ಮೇಡಂ, ಮಕ್ಕಳನ್ನೂ ಕೈಲಾಗದ ಹಿರಿಯರನ್ನೂ ಕಾಯಬೇಕಾದ ಇಲಾಖೆಗಳವರಿಗೆಲ್ಲ ಒಟ್ಟಿಗೆ ತರಬೇತಿ ಕೊಡುವವರು. ಅವರು ಮೊದಲು ಮಾಡುವ ಕೆಲಸವೆಂದರೆ ಜೊತೆಯಾಗಿ ಬಂದವರನ್ನು ಬೇರೆ ಮಾಡುವುದು. ಇಬ್ಬರು ಪೊಲೀಸರು ಅಕ್ಕಪಕ್ಕ ಕೂತರೆ ನಡುವೆ ಒಬ್ಬ ನರ್ಸನ್ನು ತಂದು ಕೂರಿಸುತ್ತಾರೆ. "ಮುನಿಸಿಕೊಂಡ ಬೀಗರ ಹಾಗೆ ಕೂತ್ರೆ ಆಗಲ್ಲ, ಮಾತಾಡಿ" ಎಂದು ಗದರುತ್ತಾರೆ. "ಅದು ನಮ್ಮ ಇಲಾಖೆಗೆ ಬರಲ್ಲ" ಎಂದವರು ಎಲ್ಲರಿಗೂ ಟೀ ಹಂಚಬೇಕು. ದೊಡ್ಡ ಅಧಿಕಾರಿಯೊಬ್ಬರು ಮಧ್ಯಾಹ್ನದವರೆಗೂ ತಟ್ಟೆ ಕೆಳಗಿಡಲಿಲ್ಲವಂತೆ. "ಏನ್ ಮೇಡಂ, ಸಂಬಂಧ ಕುದುರಿಸ್ತಿದ್ದೀರಾ?" ಎಂದು ಯಾರಾದರೂ ಕೆಣಕಿದರೆ, "ಹೂಂ ಕಣ್ರೀ, ಇದು ಮುರಿದ್ರೆ ಯಾವುದೋ ಮಗುವಿನ ಜೀವ ಹೋಗುತ್ತೆ" ಎನ್ನುತ್ತಾರೆ. ಹಾಗೆ ಬೆರೆಸಿ ಕೂರಿಸಿದ ಒಂದು ಮೇಜಿನಲ್ಲಿ ನನ್ನ ಟೀಚರು, "ಅಜ್ಜಿ ಜೊತೆ ಇರೋ ನಮ್ಮ ಹುಡುಗಿಯೊಬ್ಬಳು ಶಾಲೆಗೇ ಬರ್ತಿಲ್ಲ, ಊರಿಗೆ ಹೋದ್ಲು ಅಂತಾನೆ ಅವಳ ಚಿಕ್ಕಪ್ಪ" ಎಂದರಂತೆ. "ಹಸಿರು ಗೇಟಿನ ಮನೆನಾ?" ಎಂದರಂತೆ ನರ್ಸು. "ಅಲ್ಲಿ ಅಜ್ಜಿ ತೋಳೆಲ್ಲ ನೀಲಿಗಟ್ಟಿತ್ತು. ಬಚ್ಚಲಲ್ಲಿ ಜಾರಿದ್ರು ಅಂದ." ಎದುರಿಗಿದ್ದ ಪೊಲೀಸಿನವರು ಕಪ್ಪು ಕೆಳಗಿಟ್ಟು, "ಆ ಮನೆಲಿ ಕಿರುಚಾಟ ಅಂತ ದೂರು ಬಂದು ನಾನೂ ಹೋಗಿದ್ದೆ. ನಂಗೆ ಅದು ಟೀವಿದು ಅಂದಿದ್ದ" ಎಂದರಂತೆ. ಆ ಹುಡುಗಿ ನಾನು; ಆಗ ಅಜ್ಜಿಯ ಜೊತೆ ಬೀಗ ಹಾಕಿದ ಕೋಣೆಯಲ್ಲಿದ್ದೆ. "ಪಾಠ ಆಮೇಲೆ ಕೇಳಿ, ಮೊದಲು ಹೊರಡಿ" ಎಂದು ಮೇಡಂ ಅವರನ್ನು ಅಲ್ಲಿಂದಲೇ ಅಟ್ಟಿದರಂತೆ. ಒಬ್ಬೊಬ್ಬರೇ ಬಂದಾಗ ಒಂದೊಂದು ಸುಳ್ಳು ಹೇಳಿ ಕಳಿಸುತ್ತಿದ್ದ ಚಿಕ್ಕಪ್ಪನಿಗೆ, ಮೂವರೂ ಒಟ್ಟಿಗೆ ಬಾಗಿಲಲ್ಲಿ ನಿಂತಾಗ ಯಾವ ಸುಳ್ಳು ಹೇಳಬೇಕೆಂದೇ ತೋಚಲಿಲ್ಲ. ಬೀಗದ ಕೈ ಕೊಟ್ಟ.