ಬರಬಹುದು ಅಕ್ಕನ ಹತ್ತು ತಟ್ಟೆಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹವಾಮಾನ ಉಪಕಚೇರಿಯ ಗೇಟಿನ ಮುಂದೆ ಹೆಂಗಸೊಬ್ಬರು ಸ್ಟೂಲ್ ಹತ್ತಿ ನಿಂತಿದ್ದಾರೆ. ಸ್ವೆಟರಿನ ತೋಳು ಮೊಣಕೈವರೆಗೆ ಮಡಚಿದೆ. ತಲೆಯ ಮೇಲೆ ಎರಡು ಕಂಬಗಳ ನಡುವೆ ಬಿಗಿದ ತಂತಿ, ತಂತಿಯ ತುಂಬ ಸಾಲಾಗಿ ಹತ್ತು ಅಲ್ಯೂಮಿನಿಯಂ ತಟ್ಟೆ. ಪ್ರತಿ ತಟ್ಟೆಗೂ ಒಂದು ಮೈ ಬಿಳಿ, ಇನ್ನೊಂದು ಮೈ ಕಪ್ಪು. ನಿನ್ನೆಯ ಕಪ್ಪುಗಳನ್ನೆಲ್ಲ ಮಗುಚಿ ಬಿಳಿ ಮಾಡುತ್ತಾರೆ, ಒಂದನ್ನು ಮಾತ್ರ ಕಪ್ಪಾಗಿಯೇ ಬಿಡುತ್ತಾರೆ. ಕೆಳಗಿನ ಕೊಕ್ಕೆಗೆ ಒಂದು ಲೋಟ ನೇತುಹಾಕುತ್ತಾರೆ.

ಎದುರಿನ ಬಯಲಲ್ಲಿ ಇಟ್ಟಿಗೆ ಗೂಡು. ಅಲ್ಲಿಂದ ಕೂಗು ಬರುತ್ತದೆ: "ಅಕ್ಕಾ, ಮಳೆ ಬರುತ್ತಾ?"

"ಬರಬಹುದು!"

"ಬರದೇನೂ ಇರಬಹುದು!" ಎಂದು ನಾಲ್ಕಾರು ಬಾಯಿ ಒಟ್ಟಿಗೆ ಉತ್ತರಿಸುತ್ತವೆ. ಆಮೇಲೆ ಬಯಲಿಡೀ ನಗು.

ಊರಿಗೆಲ್ಲ ಇವರು 'ಬರಬಹುದು ಅಕ್ಕ'. ಒಂದು ಕಾಲದಲ್ಲಿ ಇದು ಬೈಗುಳ. ಈಗ ಅಂಚೆಯವರೂ ಹಾಗೆಂದೇ ಕೇಳಿಕೊಂಡು ಬರುತ್ತಾರೆ. ಇವರ ಕೆಲಸ ಹವಾಮಾನ ವೀಕ್ಷಕಿಯದು. ಮಳೆಮಾಪಕದ ನೀರು ಅಳೆಯುವುದು, ಗಾಳಿಯ ವೇಗ, ತೇವ, ತಾಪಮಾನ ಗುರುತಿಸಿ ಕೇಂದ್ರ ಕಚೇರಿಗೆ ಕಳಿಸುವುದು. ಅಲ್ಲಿನ ವಿಜ್ಞಾನಿಗಳು ಲೆಕ್ಕ ಹಾಕಿ ಮಳೆಯ ಸಾಧ್ಯತೆ ಶೇಕಡಾ ಇಷ್ಟು ಎಂದು ಮುನ್ಸೂಚನೆ ಕಳಿಸಿದರೆ, ಅದನ್ನು ಊರಿಗೆ ಮುಟ್ಟಿಸುವುದು. ಕೇಳಲು ಸಲೀಸು. ಮುಟ್ಟಿಸಿ ನೋಡಿದವರಿಗೇ ಗೊತ್ತು ಅದರ ಕಷ್ಟ!

"ಶೇಕಡಾ ಮೂವತ್ತು ಅಂದ್ರೆ ನಮ್ಮತ್ತೇನೇ ಮುಖ ಸಿಂಡರಿಸ್ತಾರೆ," ಎನ್ನುತ್ತಾರೆ ಅಕ್ಕ. "'ಆ ಲೆಕ್ಕ ನಿನ್ನ ಆಫೀಸಲ್ಲೇ ಇಟ್ಕೊ. ಹಾಸಿಗೆ ಒಣಗಿಸ್ಲೋ ಬೇಡ್ವೋ, ಅಷ್ಟು ಹೇಳು' ಅಂತಾರೆ. ದಿನಾ ಫೋನ್ ಮಾಡ್ತಾರೆ. ದಿನಾ ಅದೇ ಪ್ರಶ್ನೆ. ಬರುತ್ತಾ, ಇಲ್ವಾ?"

ಅತ್ತೆಯ ಹಾಸಿಗೆ ಹೇಗೋ ಒಣಗೀತು. ಇಟ್ಟಿಗೆ ಗೂಡಿನ ಮಾತೇ ಬೇರೆ. ಅಚ್ಚಿನಿಂದ ತೆಗೆದ ಹಸಿ ಇಟ್ಟಿಗೆ ಬಯಲಲ್ಲಿ ಒಣಗಬೇಕು. ಜೋರು ಮಳೆ ಹೊಡೆದರೆ ಕರಗಿ ಮತ್ತೆ ಕೆಸರೇ. ಹಾಗಂತ ದಿನಾ ಟಾರ್ಪಾಲು ಹೊದಿಸಿಟ್ಟರೆ ಒಣಗುವುದೇ ಇಲ್ಲ, ಕೆಲಸ ನಿಲ್ಲುತ್ತದೆ. ಮುಚ್ಚಬೇಕೋ ಬಿಡಬೇಕೋ ಎಂದು ಅಲ್ಲಿನ ಮೇಸ್ತ್ರಿ ದಿನಾ ಬೆಳಗ್ಗೆ ಈ ಗೇಟಿನ ಕಡೆಗೇ ನೋಡುತ್ತಾರೆ.

ಅವರಿಗಾಗಿಯೇ ಅಕ್ಕ ತಟ್ಟೆ ಕಟ್ಟಿದ್ದು. ಶೇಕಡಾ ಮೂವತ್ತಕ್ಕೆ ಮೂರು ಕಪ್ಪು. ಇದಕ್ಕಿಂತ ಸುಲಭ ಇನ್ನೇನಿದೆ ಎಂದು ಬೀಗಿದ್ದರು. ಆ ವರ್ಷವೇ ಎಡವಟ್ಟಾಯಿತು. ಮೂರು ಕಪ್ಪು ನೋಡಿದ ಮೇಸ್ತ್ರಿ, ಮೂರೇ ತಟ್ಟೆಯಷ್ಟು ಮಳೆ, ಸಣ್ಣ ತುಂತುರು ಎಂದುಕೊಂಡು ಇಟ್ಟಿಗೆಯ ಮೇಲೆ ಹುಲ್ಲು ಹರಡಿ ಸುಮ್ಮನಾದರು. ಮಧ್ಯಾಹ್ನ ಆಕಾಶವೇ ಹರಿದು ಬಿದ್ದಂತೆ ಸುರಿಯಿತು. ಬಯಲಿನ ಇಟ್ಟಿಗೆಯೆಲ್ಲ ನೀರುಪಾಲು.

"ಗೇಟಿಗೆ ಬಂದು ಬಾಯಿಗೆ ಬಂದಂಗೆ ಬೈದುಬಿಟ್ರು," ಎಂದು ಅಕ್ಕ ನೆನೆಯುತ್ತಾರೆ. "ಅವರ ಹಿಂದೇನೇ ಹೋಗಿ ನೋಡ್ದೆ. ಹೆಂಗಸರು ಕೆಸರು ಬಾಚ್ತಿದ್ರು. ತಡೆಯಕ್ಕಾಗ್ದೆ ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸ್ಕೊಂಡು ಒಬ್ಬೊಬ್ರನ್ನೇ ಕೇಳ್ದೆ, ಮೂರು ಕಪ್ಪು ಅಂದ್ರೆ ಏನಂದ್ಕೊಂಡಿದ್ರಿ ಅಂತ. ಒಬ್ರು ಮೂರು ಗಂಟೆ ಮಳೆ ಅಂದ್ರು. ಇನ್ನೊಬ್ರು ಹತ್ತು ಬೀದೀಲಿ ಮೂರು ಬೀದಿಗೆ ಮಳೆ ಅಂದ್ರು. ತಪ್ಪು ಅವರದ್ದಲ್ಲ ಬಿಡಿ. ತಟ್ಟೆ ಏನು ಹೇಳ್ತಿದೆ ಅಂತ ನಾನು ಹೇಳೇ ಇರ್ಲಿಲ್ಲ."

ಮಾರನೇ ದಿನ ತಟ್ಟೆಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿಕೊಂಡು ಅಕ್ಕ ಬಯಲಿಗೇ ಹೋದರು. ಅವತ್ತಿಗೆ ಅಂತಲೇ ಮೂರಕ್ಕೆ ಎರಡೂ ಮೈ ಕಪ್ಪು ಬಳಿದಿದ್ದರು, ಏಳಕ್ಕೆ ಎರಡೂ ಮೈ ಬಿಳಿ. ಕಣ್ಣು ಮುಚ್ಚಿ ಒಂದು ತೆಗೆಯಿರಿ ಎಂದು ಮೇಸ್ತ್ರಿಗೆ ಹೇಳಿದರು. ಮುಖ ಊದಿಸಿಕೊಂಡೇ ಮೇಸ್ತ್ರಿ ಕೈ ಹಾಕಿದರು. ಬಿಳಿ. ಮತ್ತೆ ಚೀಲಕ್ಕೆ ಹಾಕಿ ತೆಗೆದರೆ ಬಿಳಿ. ಮೂರನೇ ಸಲ ಕಪ್ಪು! "ಇವತ್ತಿನಂಥ ದಿನ ಹತ್ತು ಬಂದ್ರೆ ಮೂರರಲ್ಲಿ ಮಳೆ," ಎಂದರು ಅಕ್ಕ. "ಯಾವ ಮೂರು ಅಂತ ನಂಗೂ ಗೊತ್ತಿಲ್ಲ, ದೊಡ್ಡಾಫೀಸಿಗೂ ಗೊತ್ತಿಲ್ಲ." ಬಂದರೆ ಎಷ್ಟು ಬಂದೀತು ಎನ್ನುವುದಕ್ಕೆ ಅವತ್ತಿನಿಂದ ಕೆಳಗೊಂದು ಕೊಕ್ಕೆ ಬಂತು. ಸ್ವಲ್ಪವಾದರೆ ಲೋಟ, ಜಾಸ್ತಿಯಾದರೆ ಬಕೆಟ್, ಆಕಾಶವೇ ಮೈಮೇಲೆ ಬೀಳುವಂಥದ್ದಾದರೆ ಡ್ರಮ್ಮು. ಅಷ್ಟು ದೊಡ್ಡದನ್ನು ನೇತುಹಾಕಲು ಆಗದೆ ಪಕ್ಕದಲ್ಲಿ ಉರುಳಿಸಿಡುತ್ತಾರೆ.

ಈಚೆಗೆ ಎರಡೇ ಕಪ್ಪು, ಜೊತೆಗೆ ಡ್ರಮ್ಮು ಕಂಡ ದಿನ ಮೇಸ್ತ್ರಿ ಟಾರ್ಪಾಲು ಬಿಚ್ಚಿ ಸಾಲುಗಳ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಮೊದಲ ಹನಿಗೇ ಬಯಲೆಲ್ಲ ಮುಚ್ಚಿಬಿಟ್ಟರು. ಒಂದೇ ಒಂದು ಇಟ್ಟಿಗೆ ಕರಗಲಿಲ್ಲ.

ಇಷ್ಟಾದರೂ ಹೋದ ವಾರ ತಟ್ಟೆಗಳಿಗೇ ಕುತ್ತು ಬಂತು. ಈ ತಟ್ಟೆಗಳಿಂದ ಜನಕ್ಕೆ ಗೊಂದಲ, ಇನ್ನು ಮೇಲೆ 'ಮಳೆ ಇದೆ', 'ಮಳೆ ಇಲ್ಲ' ಎಂದು ತೋರಿಸುವ ವಿದ್ಯುತ್ ಫಲಕ ಸಾಕು ಎಂದು ಕೇಂದ್ರ ಕಚೇರಿ ತೀರ್ಮಾನಿಸಿತ್ತು. ಫಲಕದ ಪೆಟ್ಟಿಗೆಯ ಜೊತೆಗೇ ಮೇಲಧಿಕಾರಿ ಬಂದಿಳಿದರು. ಅವತ್ತು ನೋಡಿ, ಎಂಟು ಕಪ್ಪು, ಪಕ್ಕದಲ್ಲಿ ಡ್ರಮ್ಮು. ಎದುರಿನ ಬಯಲಲ್ಲಿ ಕೆಲಸ ನಿಂತಿದೆ, ಮುಚ್ಚಿದ ಟಾರ್ಪಾಲು ಬಿಚ್ಚಿಲ್ಲ. ಆಕಾಶದಲ್ಲೋ, ಸಂಜೆಯವರೆಗೂ ಸುಡುಬಿಸಿಲು. ಒಂದು ಹನಿ ಇಲ್ಲ!

ಸಂಜೆ ಮೇಸ್ತ್ರಿ ಗೇಟಿನ ಕಡೆ ಬರುತ್ತಿರುವುದು ಕಂಡಿತು. ಹಿಂದೆ ಗೂಡಿನವರೆಲ್ಲ. ಬೈಗುಳ ಕೇಳಿಸಿಕೊಳ್ಳಲು ಸಿದ್ಧರಾದವರಂತೆ ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು.

"ಇಡೀ ದಿನ ಹಾಳಾಯ್ತಲ್ಲ ಮೇಸ್ತ್ರಿ, ಬೇಜಾರಿಲ್ವಾ?"

"ಯಾಕಿಲ್ಲ ಸಾರ್? ಈ ಬಿಸಿಲು ನೋಡಿದ್ರೆ ಹೊಟ್ಟೆ ಉರಿಯುತ್ತೆ," ಎಂದರು ಮೇಸ್ತ್ರಿ. "ಆದ್ರೆ ನಂಗೆ ಮೋಸ ಆಗಿಲ್ಲ. ಅಕ್ಕ ಎಂಟು ಕಪ್ಪು ತೋರಿಸಿದ್ರು, ಎರಡು ಬಿಳೀನೂ ತೋರಿಸಿದ್ರು. ಇವತ್ತು ಚೀಲದಿಂದ ಬಿಳಿ ಎದ್ದಿದೆ. ನಾಳೆ ಎಂಟು ಕಪ್ಪು ಕಂಡ್ರೆ ನಾಳೇನೂ ಮುಚ್ತೀನಿ. ನಿಮ್ಮ ಬೋರ್ಡು 'ಮಳೆ ಇದೆ' ಅಂತ ಹೇಳಿದ್ದಿದ್ರೆ ನಾಳೆಯಿಂದ ಅದರ ಕಡೆ ತಿರುಗಿನೂ ನೋಡ್ತಿರ್ಲಿಲ್ಲ. ತಟ್ಟೆ ತೆಗೀತೀರಂತೆ, ಬೇಡ ಅನ್ನೋಕೆ ಬಂದ್ವಿ."

ಅಬ್ಬಾ! ಅಧಿಕಾರಿ ಮೇಸ್ತ್ರಿಯ ಕೈ ಕುಲುಕಿದರು, ಅಕ್ಕನ ಕಡೆ ತಿರುಗಿ ಮನಸಾರೆ ನಕ್ಕರು. ಫಲಕ ಪೆಟ್ಟಿಗೆ ಬಿಚ್ಚದೇ ವಾಪಸು ಹೋಯಿತು. ಉಳಿದ ಉಪಕಚೇರಿಗಳಿಗೂ ಹತ್ತು ಹತ್ತು ತಟ್ಟೆ ಮಾಡಿಸಲು ನಿನ್ನೆ ಆದೇಶ ಬಂದಿದೆ. ಬಣ್ಣ ಬಳಿಯುವುದು, ಚೀಲದ ಆಟ ಆಡಿಸುವುದು ಹೇಗೆಂದು ಹೇಳಿಕೊಡಲು ಅಕ್ಕನೇ ಹೋಗಬೇಕಂತೆ.

ಇನ್ನೇನು ಆಸೆ ಅಕ್ಕ ಎಂದು ಕೇಳಿದರೆ, ಸ್ಟೂಲಿನಿಂದ ಇಳಿಯುತ್ತಾ ನಗುತ್ತಾರೆ. "ಊರೆಲ್ಲ ಒಪ್ತು. ಮನೇಲಿ ಅತ್ತೆ ಒಬ್ರು ಒಪ್ಪಿದ್ರೆ ಗೆದ್ದೆ."

ಅಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅತ್ತೆಯೇ. ಅಕ್ಕ ಕಣ್ಣು ಮಿಟುಕಿಸಿ ಸ್ಪೀಕರ್ ಒತ್ತುತ್ತಾರೆ.

"ಇವತ್ತು ಎಷ್ಟು ಕಪ್ಪೇ?" ಎಂದು ಆ ಕಡೆಯಿಂದ ದನಿ.

ಅಕ್ಕ ಕಣ್ಣರಳಿಸಿ ತಂತಿಯ ಕಡೆ ನೋಡುತ್ತಾರೆ. "ಒಂದು, ಅತ್ತೆ. ಒಂದೇ."

"ಹಂಗಾದ್ರೆ ಹಾಸಿಗೆ ಒಣಗಿಸ್ತೀನಿ. ನೆನೆದ್ರೆ ನೆನೀಲಿ, ನಿನ್ನ ಬೈಯಲ್ಲ ಬಿಡು."